ಬಿತ್ತದೆ ಬಿಟ್ಟ ಮೂರು ಸಾಲು

ಶಿಕಾರಿಪುರದ ನಿಲ್ದಾಣದಲ್ಲಿ ನಾನು ತೊಗರ್ಸಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ವಿಭೂತಿ ಧರಿಸಿದ ಹೆಂಗಸೊಬ್ಬಳು ತನ್ನ ತಮ್ಮನೊಡನೆ ಕುಳಿತಿದ್ದಳು. ಸೈನ್ಯದಲ್ಲಿರುವ ಮಗ ಗುರುಪ್ರಕಾಶನನ್ನು ಆಗತಾನೇ ಶಿವಮೊಗ್ಗದ ಬಸ್ಸು ಹತ್ತಿಸಿದ್ದರು.

“ಇನ್ನೂ ಹನ್ನೆರಡು ದಿನ ರಜಾ ಇತ್ತಲ್ಲೋ ಕೊಟ್ರೇಶ.”

“ಎಲ್ಲರ ರಜಾನೂ ರದ್ದಂತ ಅಕ್ಕ. ಚೀನಾದೋರು ಗಡಿತನಕ ರಸ್ತೆ ಮಾಡ್ಯಾರಂತ. ಈಗ ಅವ್ರ ಜೋರು ಜಾಸ್ತಿ ಆಗೇತಿ.”

“ಟಿವಿಯಾಗ ಎರಡೂ ದೇಶದೋರು ನಕ್ಕೋತ ಕೈ ಕುಲುಕಿದ್ರಲ್ಲೋ.”

“ನಗೋರು ಬೇರೆ, ಗಡಿ ಕಾಯೋರು ಬೇರೆ.”

“ಅದಿರ್ಲಿ. ನಿನ್ನೆ ಹೊಲದಾಗ ಬಿತ್ತುವಾಗ ನಿಮ್ಮ ಭಾವನ ಸಮಾಧಿ ಪಕ್ಕ ಮೂರು ಸಾಲು ಯಾಕ ಬಿಟ್ಟಿ?”

“ಅಲ್ಲಿ ಟ್ರ್ಯಾಕ್ಟರ್ ತಿರುಗಲಿಲ್ಲ.”

“ಇಷ್ಟು ವರ್ಷ ತಿರುಗಿದ್ದು ಈ ವರ್ಷ ಮುನಿಸ್ಕೊಂತೇನು?”

ತಮ್ಮ ಚೀಲದ ದಾರ ಬಿಗಿಯತೊಡಗಿದ.

“ಗುರುಪ್ರಕಾಶ ಏನರ ಹೇಳಿದ್ನಾ?”

“ಮೊನ್ನೆ ಮಿಲಿಟರಿಯಿಂದ ಫೋನ್ ಬಂದ ಮ್ಯಾಲೆ ಹೇಳಿದ. ಅಷ್ಟು ಜಾಗ ಹಂಗೇ ಇರ್ಲಿ ಮಾವ, ಅವ್ವಗ ಹೇಳಬ್ಯಾಡ ಅಂದ.”

“ಅಪ್ಪನ ಪಕ್ಕದಾಗ ತನಗೂ ಜಾಗ.”

“ಹೂಂ.”

ಮಗನನ್ನು ಕಳೆದುಕೊಂಡ ನನಗೆ ಬಂದ ದುಃಖ ಈ ತಾಯಿಗೆ ಬಾರದಿರಲಿ ಎಂದು ನಾನು ಮನಸ್ಸಿನಲ್ಲೇ ತೊಗರ್ಸಿಯ ಮಲ್ಲಿಕಾರ್ಜುನನನ್ನು ಬೇಡಿಕೊಂಡೆ.

“ಮೆಕ್ಕೆಜೋಳದ ಬೀಜ ಉಳಿದೈತೇನು?”

“ಎಲ್ಲಾ ಮುಗೀತಲ್ಲ.”

“ಹಂಗಾರ ಏಳು. ಅಂಗಡಿ ತೆಗೆದಿರ್ತೈತಿ.”

“ಬಸ್ ಬಂತಕ್ಕ. ನಾಳೆ ತಂದ್ರಾತು.”

“ಇವತ್ತೇ ಬಿತ್ತಬೇಕು. ನೀ ಬರದಿದ್ರ ನಾನೇ ಕೈಲೆ ಬಿತ್ತತೀನಿ. ಜಾಗ ಖಾಲಿ ಇಟ್ಕೊಂಡು ನನ್ನ ಮಗನ್ನ ನಾ ಕಾಯಂಗಿಲ್ಲ.”

ಆಕೆ ಹಿಂತಿರುಗಿ ನೋಡದೆ ಬೀಜದ ಅಂಗಡಿಯ ಕಡೆ ನಡೆದಳು. ತಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡು ಹಿಂದೆಯೇ ಹೋದ.