ಜಿಲ್ಲೆ ಅಂದ್ರೆ ಯಾವ ಜಿಲ್ಲೆ?

…ಇದೇ ಕೋಣೆಯಲ್ಲಿ ನಿಂತು ನನ್ನನ್ನ ಅಂದಿದ್ದ ಆ ಸ್ತಾಮೆನೊವ್! ನಮ್ಮ ದೊಡ್ಡ ಸಾಹೇಬ! "ಲ್ಯುತೆನಿತ್ಸಾ ಚಟ್ನಿ ಬಾಟಲಿಗೆ ಚೀಟಿ ಅಂಟಿಸ್ತಿದ್ದವಳು ಪ್ರೋಗ್ರಾಮ್ ಬರೀತಾಳಾ? ಈ ಜನ್ಮದಲ್ಲಿ ಆಗಲ್ಲ" ಅಂತ. ನಗ್ತೀಯಾ? ನಗು, ನಗು. ಹನ್ನೊಂದು ವರ್ಷ ಆ ಕಾರ್ಖಾನೆಯಲ್ಲಿ ಅಂಟಿಸಿದೆ ಕಣೇ, ಊಟದ ಬಿಡುವಿನಲ್ಲಿ ಲೈಬ್ರರಿ ಪುಸ್ತಕ ಓದಿ ಕಲಿತೆ. ನಿನ್ನ ಹಾಗೆ ಸೋಫಿಯಾ ಯೂನಿವರ್ಸಿಟಿಯ ಡಿಗ್ರಿ ಇಲ್ಲ ನನಗೆ.

ಆ ಪೆಟ್ಟಿಗೆ ಕೆಳಗಿಡು. ಸಾಮಾನು ಆಮೇಲೆ ತುಂಬಿಕೊಳ್ಳುವೆಯಂತೆ. ನಿನ್ನ ಕೆಲಸ ಹೋಯ್ತು, ಸರಿ. ಯಾತಕ್ಕೆ ಹೋಯ್ತು ಅಂತಾದ್ರೂ ಗೊತ್ತಾಗಬೇಡ್ವಾ?

ನಮ್ಮ ಆಫೀಸು ಹೊರಡಿಸಿದ ಮಕ್ಕಳ ಉಬ್ಬಸದ ವರದಿ! ಇಪ್ಪತ್ತೆಂಟು ಜಿಲ್ಲೆ, ಇಪ್ಪತ್ತೆಂಟಕ್ಕೂ ಒಂದೇ ಸರಾಸರಿ! ಅಚ್ಚಾಗಿ ಹೋಯ್ತು, ದೇಶವೆಲ್ಲ ನಕ್ಕಿತು. ಯಾಕೆ, ಹೇಳು? …ಗೊತ್ತಿಲ್ಲ ಅಂತೀಯಾ? ಥೂ! ಕೇಳು. ಪ್ರೋಗ್ರಾಮಿನೊಳಗೆ ಸರಾಸರಿ ತೆಗೆಯೋ ಫಂಕ್ಷನ್ನಿಗೆ ನಾವು ಹೊರಗಿನಿಂದ ಕೊಡೋದರ ಹೆಸರು 'ಜಿಲ್ಲೆ'. ಪಟ್ಟಿಯೊಳಗಿನ ಕಾಲಮ್ಮಿನ ಹೆಸರೂ 'ಜಿಲ್ಲೆ'. "ಜಿಲ್ಲೆ ಜಿಲ್ಲೆಗೆ ಸಮ ಇರೋ ಸಾಲು ಮಾತ್ರ ಕೊಡು" ಅಂದ್ರೆ ಆ ಪೆದ್ದು ಯಂತ್ರ ಹೊರಗಿನದನ್ನ ಕಣ್ಣೆತ್ತಿಯೂ ನೋಡಲ್ಲ. ಕಾಲಮ್ಮನ್ನ ಅದಕ್ಕೇ ಹೋಲಿಸುತ್ತೆ! ವಾರ್ನಾ ಜಿಲ್ಲೆ ವಾರ್ನಾಗೆ ಸಮ, ವಿದಿನ್ ಜಿಲ್ಲೆ ವಿದಿನ್‌ಗೆ ಸಮ… ಎಲ್ಲಾ ಸಾಲೂ ಪಾಸು! ತಪ್ಪು ಅಂತ ಒಂದು ಮಾತಾದ್ರೂ ಆಡುತ್ತಾ? ಊಹೂಂ. ಯಾವ ಜಿಲ್ಲೆ ಕೇಳಿದ್ರೂ ಇಡೀ ದೇಶದ ಸರಾಸರಿ ಕೊಟ್ಟು ಸುಮ್ನಾಗುತ್ತೆ.

ಇಷ್ಟೇ! ಇದನ್ನ ಹುಡುಕಿ ತೋರಿಸಿದ್ದಕ್ಕೇ ನನ್ನನ್ನ ಮುಖ್ಯಸ್ಥೆ ಮಾಡಿದ್ದು. ಆ ಪ್ರೋಗ್ರಾಮಿಗೆ ನಮ್ಮಿಬ್ಬರ ಕೈಯೂ ಬಿದ್ದಿತ್ತು, ನಿಜ. ಆದ್ರೆ "ನಾನೇ ಬರೆದಿರಬೇಕು, ನೆನಪಿಲ್ಲ" ಅಂತ ಸಾಹೇಬನ ಮುಂದೆ ಅತ್ತವಳು ಯಾರು? ಪುಕ್ಕಲಿ! ಅಷ್ಟು ಓದಿ ಏನು ಬಂತು? ಎಷ್ಟು ಸುಲಭ ಇತ್ತು! ಅವತ್ತು ಹೊರಗಿನದಕ್ಕೆ 'ಬೇಕಾದ ಜಿಲ್ಲೆ' ಅಂತ ಬೇರೆ ಹೆಸರು ಇಟ್ಟಿದ್ರೆ ಮುಗೀತಿತ್ತು. ಹೊಳೆದಿತ್ತು ಕೂಡ! ಆರೂ ಹತ್ತರ ಬಸ್ಸು ತಪ್ಪುತ್ತೆ, ನಾಳೆ ನೋಡಿದ್ರಾಯ್ತು ಅಂತ ನಾನು…

ನೀನು. 'ನೀನು' ಅನ್ನಬೇಕಿತ್ತು. ಬಾಯಿ ತಪ್ಪಿತು.

ಏನು ಹಾಗೆ ನೋಡ್ತೀಯಾ? …ಹೌದು, ನಿನ್ನ ಮನೆ ಎದುರು ಬೀದಿಯಲ್ಲೇ ಇದೆ, ಗೊತ್ತು! ನೀನು ಬಸ್ಸು ಹತ್ತಲ್ಲ, ಅದೂ ಗೊತ್ತು! ಅದಕ್ಕೇನೀಗ? ಏನಾದ್ರೂ ಅನ್ನೇ, ರಾಲಿತ್ಸಾ. ಬೈದುಬಿಡು… ಒಂದು ಮಾತು…

ಪೆಟ್ಟಿಗೆ ಎತ್ತಿಕೊಂಡು ಹೊರಟೆಯಾ.

ಸರಿ. ಈ ಕೋಣೆ ನನ್ನದು. ಈ ಮೇಜು, ದಾನ್ಯೂಬ್ ನದಿ ಕಾಣೋ ಈ ಕಿಟಕಿ, ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೊರೆದ ನನ್ನ ಹೆಸರು 'ಝಿವ್ಕಾ ಪೆನ್ಚೆವಾ'. ಎಲ್ಲಾ ನನ್ನದು. ಅದಕ್ಕೆ ಬೆಲೆಯಾಗಿ ನಾನು ಕೊಟ್ಟದ್ದು ನಿನ್ನನ್ನ.