ಗಡ್ಡೆಯಲ್ಲಿ ಸಿಕ್ಕವನು

ಗಂಡನ ಸ್ಕ್ಯಾನ್ ಮುಗಿಯಲೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕಾದಿದ್ದ ಟೈಲರಮ್ಮನಿಗೆ ಊರವರ ಮಾತಿಗೆ ಕಿವಿಗೊಡುವ ಚಾಳಿಯೇನೂ ಇರಲಿಲ್ಲ. ಆದರೆ ಪಕ್ಕದಲ್ಲಿ ಕೂತ ತಾಯಿ ಮಗಳ ಪಿಸುಮಾತು ತಾನಾಗಿ ಕಿವಿಗೆ ಬಿತ್ತು.

“ನಿನ್ನ ಗಡ್ಡೆಯಿಂದ ಚೂರು ತೆಗೆದಿದ್ರಲ್ಲಮ್ಮ, ಅದರಲ್ಲಿ ಯಾವ್ಯಾವ ಜೀನ್ ಕೆಲಸ ಮಾಡ್ತಿವೆ ಅಂತ ನೋಡಿದಾರೆ. ಅದರಿಂದ ಒಳಗೆ ಎಂಥೆಂಥಾ ಜೀವಕೋಶ ಇವೆ ಅಂತ ಗೊತ್ತಾಗುತ್ತಂತೆ.”

“ಕೆಟ್ಟವು ತಾನೆ?”

“ಕೆಟ್ಟವೂ ಇವೆ, ಒಳ್ಳೇವೂ ಇವೆ. ಅವುಗಳ ಜೊತೆ ಒಂದಿಷ್ಟು ಗಂಡಿನವು ಸಿಕ್ಕಿವೆ.”

“ಥೂ, ಯಾರದೋ ಜೊತೆ ಅದಲುಬದಲು ಮಾಡಿರ್ತಾರೆ.”

“ಅವರೂ ಹಾಗೇ ಅಂದ್ಕೊಂಡು ಮತ್ತೆ ನೋಡಿದ್ರಂತೆ. ನಿನ್ನದೇ. ಗಂಡುಮಗು ಬಸಿರಲ್ಲಿದ್ರೆ ಅದರ ಜೀವಕೋಶ ತಾಯಿ ಮೈಯಲ್ಲಿ ಎಷ್ಟೋ ವರ್ಷ ಉಳೀಬಹುದಂತೆ. ನಮ್ಮಮ್ಮಂಗೆ ಇಬ್ಬರೂ ಹೆಣ್ಣೇ ಅಂದೆ.”



“ನಿನಗಿಂತ ಮುಂಚೆ ಒಬ್ಬನಿದ್ದ,” ಎಂದಳು ತಾಯಿ. “ಹುಟ್ಟಿದಾಗ ಅಳಲೇ ಇಲ್ಲ. ಆ ಸುದ್ದಿ ಎತ್ಬೇಡ ಅಂದ್ರು ನಿಮ್ಮಪ್ಪ. ನಾನು ಎತ್ತಲಿಲ್ಲ.”

“ಅಮ್ಮಾ...”

“ಅವನು ಅಲ್ಲೇನು ಮಾಡ್ತಿದಾನಂತೆ? ನನ್ನ ಕಾಯ್ತಿದಾನೋ, ತಿಂತಿದಾನೋ?”

ಟೈಲರಮ್ಮ ತಿರುಗಿ ತಾಯಿಯ ಕಡೆ ನೋಡಿದಳು.

“ಅದು ಡಾಕ್ಟರಿಗೂ ಗೊತ್ತಿಲ್ಲ.”

“ನಾಳೆ ಪೂರ್ತಿ ಗಡ್ಡೆ ತೆಗೀತಾರಾ?”

“ತೆಗೀಲೇಬೇಕಮ್ಮ.”

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ತಾಯಿ ಎದ್ದವಳು ಅಲ್ಲೇ ನಿಂತಳು.

“ಆಗ ನನಗೆ ಮುಖಾನೂ ತೋರಿಸದೆ ಒಯ್ದುಬಿಟ್ರು ಕಣೇ. ಈ ಸಲನಾದ್ರೂ ತೋರಿಸಿ ಅಂತ ಕೇಳ್ಲಾ?”

ಮಗಳು ತಾಯಿಯ ತೋಳು ಹಿಡಿದುಕೊಂಡಳು.

“ಕೇಳೋಣಮ್ಮ. ನಾನೂ ನೋಡ್ಬೇಕು.”

ಇಬ್ಬರೂ ಒಳಗೆ ಹೋದರು.