ಬೆಕ್ಕಿಗೆಂದು ಭಟ್ಟಿ ಇಳಿಸಿದ ಎಣ್ಣೆ

ಪಶುವೈದ್ಯರ ಕೋಣೆಯ ಹೊರಗೆ ಗಿಳಿಯ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಟೈಲರ್ ಹೆಂಗಸಿಗೆ, ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಎರಡೂ ಕೈಗೆ ಬ್ಯಾಂಡೇಜು. ಹೆಂಡತಿಯ ಕಾಲ ಬಳಿಯ ಬುಟ್ಟಿಯಲ್ಲಿ ಮಂಕಾಗಿ ಮಲಗಿದ ಬೆಕ್ಕು.

“ಡಾಕ್ಟ್ರು ಕೇಳಿದ್ರೆ ಏನಂತ ಹೇಳ್ಲಿ? ನಮ್ಮನೆ ವಿಜ್ಞಾನಿಗಳು ಕುಕ್ಕರಿಗೆ ಪೈಪ್ ಸಿಕ್ಕಿಸಿ ಬೆಕ್ಕಿಗೆ ಸಾರಾಯಿ ಇಳಿಸಿದ್ರು ಅಂತಲಾ?”

“ಸಾರಾಯಿ ಅಲ್ಲ ಕಣೇ, ಕ್ಯಾಟ್‌ನಿಪ್ ಸೊಪ್ಪಿನ ಎಣ್ಣೆ. ಅದರ ವಾಸನೆ ಅಂದ್ರೆ ಬೆಕ್ಕಿಗೆ ಪ್ರಾಣ.”

“ಗೊತ್ತು. ಚೀಲ ಸೊಪ್ಪು ಬೇಯಿಸಿದ್ರೆ ಚಮಚ ಎಣ್ಣೆ. ಒಂದು ತೊಟ್ಟು ಸಾಕಿತ್ತು. ನೀವು ಮದುಮಗನ ಹಾಗೆ ಅಂಗಿ ತುಂಬಾ ಪೂಸ್ಕೊಂಡ್ರಿ.”

“ತೊಡೆ ಮೇಲೆ ಬಂತಲ್ಲ?”

“ಬಂತು. ಅಂಗಿ ನೆಕ್ಕಿತು, ಕೈ ಪರಚಿತು, ಆಮೇಲೆ ಮೂರು ಸಲ ವಾಂತಿ ಮಾಡ್ತು. ಆಹಾ, ಎಂಥಾ ಒಲವು!”

ಟೈಲರ್ ನಗು ತಡೆಯಲಾರದೆ ಗಿಳಿಯ ಕಡೆ ಮುಖ ತಿರುಗಿಸಿದಳು.

“ನೀನು ಕರೆದ್ರೆ ಓಡಿ ಬರುತ್ತೆ. ನನ್ನ ಕಂಡ್ರೆ ಮಂಚದ ಕೆಳಗೆ ಸೇರ್ಕೊಳ್ಳುತ್ತೆ.”

“ಅದಕ್ಕೆ ಬುದ್ಧಿ ಇದೆ. ಅಷ್ಟಕ್ಕೂ ಬೆಕ್ಕಿನ ಹತ್ರ ನಿಮಗೇನ್ರೀ ಅಂಥಾ ಕೆಲಸ?”

“ರಿಟೈರಾದ್ಮೇಲೆ, ನೀನು ಆಫೀಸಿಂದ ಬರೋ ತನಕ, ಮನೇಲಿ ಮಾತಾಡಿಸೋಕೆ ಇನ್ಯಾರಿದ್ದಾರೆ?”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೆಂಡತಿ ಬುಟ್ಟಿ ಎತ್ತಿಕೊಂಡು, ಇನ್ನೊಂದು ಕೈಯಿಂದ ಅವನ ತೋಳು ಹಿಡಿದು ಎಬ್ಬಿಸಿದಳು.

“ನಾಳೆಯಿಂದ ಊಟದ ಹೊತ್ತಿಗೆ ಫೋನ್ ಮಾಡ್ತೀನಿ. ಮಾತಾಡಿ. ನನಗೆ ಎಣ್ಣೆನೂ ಹಚ್ಚೋದು ಬೇಡ, ಬೆಣ್ಣೆನೂ ಬೇಡ. ನಡೀರಿ ಒಳಗೆ.”